ಬಂದರಿನ ಮೇಲಿನ ಗುಡ್ಡ: ಮುರ್ಮುಗಾಂವ್‌ನಲ್ಲಿ ವಿದ್ಯಾರ್ಥಿ ಸಂಶೋಧನೆಗೆ ಹಣ ಹರಿದು ಬಂದ ಬಗೆ

1981ರ ಡಿಸೆಂಬರ್ 6ರಂದು ಮುರ್ಮುಗಾಂವ್ ಬಂದರಿನಿಂದ ‘ಪೋಲಾರ್ ಸರ್ಕಲ್’ ಎಂಬ ನಾರ್ವೆಯ ಹಡಗು ದಕ್ಷಿಣಕ್ಕೆ ಹೊರಟಿತು. ಅದರಲ್ಲಿ ಭಾರತೀಯ ತಂಡದ 21 ಮಂದಿ ಇದ್ದರು, ನಾಯಕರು ಡಾ. ಎಸ್. ಝಡ್. ಖಾಸಿಂ. ಕಬ್ಬಿಣದ ಅದಿರು ತುಂಬಿಕೊಂಡು ಪೂರ್ವದ ದೇಶಗಳಿಗೆ ಹೋಗುವ ಹಡಗುಗಳನ್ನೇ ಕಂಡು ಅಭ್ಯಾಸವಾಗಿದ್ದ ಬಂದರಿಗೆ ಇದು ಹೊಸ ಬಗೆಯ ಪಯಣ. 1982ರ ಜನವರಿ 9ರಂದು ತಂಡ ಅಂಟಾರ್ಕ್ಟಿಕಾದಲ್ಲಿ ಇಳಿಯಿತು. ಫೆಬ್ರುವರಿ 21ಕ್ಕೆ ಗೋವಾಕ್ಕೆ ಮರಳಿತು. ಭಾರತದ ಧ್ರುವ ವಿಜ್ಞಾನ ಶುರುವಾದದ್ದು ಹೀಗೆ, ಇದೇ ನೀರಿನಿಂದ.

ಬಂದರಿನ ಚರಿತ್ರೆ ಬರೆದವರು ಈ ದಿನಾಂಕವನ್ನು ಬಿಟ್ಟಿಲ್ಲ. ಹಡಗಿನ ಹೆಸರು, ನಾಯಕರ ಹೆಸರು, ಹೋಗಿ ಬಂದ ದಿನಗಳು ಎಲ್ಲವೂ ದಾಖಲಾಗಿವೆ. ಆಮೇಲಿನ ನಾಲ್ಕು ದಶಕಗಳಲ್ಲಿ ಬಂದರಿನ ಸುತ್ತ ಬೆಳೆದ ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಒಂದು ಕಡೆ ಕೂಡಿಸಿ ಹೇಳಿಲ್ಲ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಹುಡುಗ ಹುಡುಗಿಯರು ಎಂ.ಎಸ್ಸಿ. ಮುಗಿಸಿ ಇಲ್ಲಿಗೆ ಬಂದು, ಐದಾರು ವರ್ಷ ನಿಂತು, ಹಿಮವನ್ನೂ ಸಮುದ್ರವನ್ನೂ ಅಳೆದು ಪಿಎಚ್.ಡಿ. ಪಡೆದು ಹೋದರು. ಅವರನ್ನು ಇಲ್ಲಿ ನಿಲ್ಲಿಸಿದ ಹಣ ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದನ್ನು ಈ ಸಂಚಿಕೆಯಲ್ಲಿ ಬರೆದಿಡುವುದು ಯೋಗ್ಯ ಎಂದು ನನಗೆ ಅನ್ನಿಸಿದೆ. ಸಂಸ್ಥೆಯೊಂದು ಬದುಕುವುದು ಕಟ್ಟಡದಿಂದಲೋ ಹಡಗಿನಿಂದಲೋ ಅಲ್ಲ. ತಿಂಗಳ ಮೊದಲ ವಾರ ವಿದ್ಯಾರ್ಥಿಯ ಖಾತೆಗೆ ಬೀಳುವ ವೇತನದಿಂದ ಎಂಬುದು ನನ್ನ ದೃಢ ನಂಬಿಕೆ.

ಕನ್ನಡಿಗರಿಗೂ ಈ ಬಂದರಿಗೂ ಇರುವ ನಂಟು ವಿಜ್ಞಾನಕ್ಕಿಂತ ಬಹಳ ಹಳೆಯದು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಬೆನ್ನಿಗೆ ಬಂದ ರೈಲು ಮಾರ್ಗ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಗೆ ಕೂಡಿಕೊಂಡಿತು. ಬಯಲುಸೀಮೆಯ ಸರಕು ಆ ದಾರಿಯಲ್ಲಿ ಇಳಿಯಿತು. ಅದರ ಹಿಂದೆ ಜನರೂ ಇಳಿದರು. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಕಾರವಾರದ ಕಡೆಯವರು ಬೈನಾ, ಸಡಾ, ಜುವಾರಿನಗರಗಳಲ್ಲಿ ಬಂದರಿನ ಸುತ್ತ ನೆಲೆಯೂರಿದ್ದು ಧಕ್ಕೆಯ ಕೂಲಿಗೆ, ಕಾರ್ಖಾನೆಯ ಕೆಲಸಕ್ಕೆ, ಕಟ್ಟಡ ಕಟ್ಟುವುದಕ್ಕೆ. ಕರ್ನಾಟಕದ ಉಕ್ಕಿನ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲಿನ ಒಂದು ಪಾಲು ಇಂದಿಗೂ ಇಳಿಯುವುದು ಇಲ್ಲಿಯೇ. ಹೀಗಿರುವಾಗ ಬಂದರಿನ ಮೇಲಿನ ಗುಡ್ಡದಲ್ಲಿ ನಡೆಯುವ ಸಂಶೋಧನೆ ಬೇರೆ ಯಾರದೋ ಕಥೆ ಎಂದು ಗುಡ್ಡದ ಬುಡದಲ್ಲಿರುವ ನಾವು ಕನ್ನಡಿಗರು ಕೈಬಿಡುವಂತಿಲ್ಲ.

ಕಥೆ ನಿಜವಾಗಿ ಶುರುವಾಗುವುದು ಬಂದರಿನ ಎದುರು ದಡದಲ್ಲಿ. ಜುವಾರಿ ನದಿ ಸಮುದ್ರ ಸೇರುವಲ್ಲಿ ಈ ಕಡೆ ಮುರ್ಮುಗಾಂವ್, ಆ ಕಡೆ ದೋನಾ ಪಾವ್ಲಾ. ಅಲ್ಲಿರುವುದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದ ಫಲವಾಗಿ 1966ರ ಜನವರಿ 1ರಂದು ಅದು ಹುಟ್ಟಿತು. ಹಲವು ದೇಶಗಳ ಹಡಗುಗಳು ನಮ್ಮ ಸಮುದ್ರವನ್ನು ಅಳೆದು ಹೋದ ಮೇಲೆ, ಈ ಕೆಲಸವನ್ನು ನಾವೇ ಮಾಡುತ್ತ ಹೋಗಬೇಕು ಎಂದು ಕಂಡವರಲ್ಲಿ ಮೊದಲ ನಿರ್ದೇಶಕರಾದ ಎನ್. ಕೆ. ಪಣಿಕ್ಕರ್ ಪ್ರಮುಖರು. ಅಳೆಯುವುದಕ್ಕೆ ಹಡಗು ಬೇಕು. 1976ರಲ್ಲಿ ‘ಗವೇಷಣಿ’ ಬಂತು. ಹಡಗಿನಲ್ಲಿ ನಿಂತು ಬಾಟಲಿಗೆ ನೀರು ತುಂಬುವ ಕೈಗಳೂ ಬೇಕು. ಅವು ಸಿಎಸ್‌ಐಆರ್ ಫೆಲೋಶಿಪ್ ಪಡೆದ ವಿದ್ಯಾರ್ಥಿಗಳ ರೂಪದಲ್ಲಿ ಬಂದವು. ಗೋವಾಕ್ಕೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1985ರಲ್ಲಿ. ಅಲ್ಲಿಯವರೆಗೆ ಇಲ್ಲಿ ಕೆಲಸ ಮಾಡಿದವರು ಥೀಸಿಸ್ ಒಪ್ಪಿಸಲು ಹೊರಗಿನ ವಿಶ್ವವಿದ್ಯಾಲಯಗಳ ಬಾಗಿಲಿಗೇ ಹೋಗಬೇಕಿತ್ತು.

ಒಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ನಾಗಪುರದಲ್ಲಿ ಹುಟ್ಟಿದ ಅದಿತಿ ಪಂತ್ ವಿದ್ಯಾರ್ಥಿಯಾಗಿದ್ದಾಗ ಆಲಿಸ್ಟರ್ ಹಾರ್ಡಿಯ ಸಮುದ್ರ ಕುರಿತ ಪುಸ್ತಕ ಓದಿ ಸಾಗರ ವಿಜ್ಞಾನಕ್ಕೆ ಮನಸೋತವರು. ಮನೆಯಲ್ಲಿ ಅದಕ್ಕೆ ಬೇಕಾದಷ್ಟು ಹಣ ಇರಲಿಲ್ಲ. ಹವಾಯಿ ವಿಶ್ವವಿದ್ಯಾಲಯದಲ್ಲಿ ಓದಲು ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಅಲ್ಲಿಂದ ಲಂಡನ್ನಿಗೆ ಹೋಗಿ ಪಿಎಚ್.ಡಿ. ಮುಗಿಸಿ, ಪಣಿಕ್ಕರ್ ಅವರ ಮಾತಿನಿಂದ ಹುರುಪುಗೊಂಡು ಎನ್‌ಐಒ ಸೇರಿದರು. 1983–84ರ ಮೂರನೆಯ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಅವರೂ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಸುದೀಪ್ತಾ ಸೇನ್‌ಗುಪ್ತಾ ಅವರೂ ಭಾರತೀಯ ತಂಡದೊಂದಿಗೆ ಆ ಖಂಡದ ಮೇಲೆ ಕಾಲಿಟ್ಟ ಮೊದಲ ಮಹಿಳೆಯರಾದರು. ಅದೇ ಯಾತ್ರೆಯಲ್ಲಿ ‘ದಕ್ಷಿಣ ಗಂಗೋತ್ರಿ’ ಕೇಂದ್ರ ತಲೆಯೆತ್ತಿತು. ಯಾವುದೋ ದೇಶ ಯಾವುದೋ ವರ್ಷ ಕೊಟ್ಟ ಒಂದು ವಿದ್ಯಾರ್ಥಿವೇತನ ಸುಮಾರು ಎರಡು ದಶಕ ಕಳೆದು ಅಂಟಾರ್ಕ್ಟಿಕಾದಲ್ಲಿ ಫಲ ಕೊಟ್ಟಿತು. ಸಂಶೋಧನೆಗೆ ಹಾಕಿದ ಹಣದ ಲೆಕ್ಕವನ್ನು ಮೂರು ವರ್ಷದ ಗಡುವಿನೊಳಗೆ ಮುಗಿಸಲು ನೋಡುವವರು ಈ ಉದಾಹರಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಈ ದಡಕ್ಕೆ ಬರೋಣ. ಹೆಡ್‌ಲ್ಯಾಂಡ್ ಸಡಾದ ತುದಿಯಲ್ಲಿ, ಬಂದರು ಒಂದು ಮಗ್ಗುಲಿಗೂ ತೆರೆದ ಅರಬ್ಬೀ ಸಮುದ್ರ ಇನ್ನೊಂದು ಮಗ್ಗುಲಿಗೂ ಇರುವಂತೆ ನಿಂತಿರುವುದು ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 1981ರಲ್ಲಿ ಹುಟ್ಟಿದ ಸಾಗರ ಅಭಿವೃದ್ಧಿ ಇಲಾಖೆ ಅಂಟಾರ್ಕ್ಟಿಕಾ ಯಾತ್ರೆಗಳ ಸಿದ್ಧತೆಗೆಂದು ಇಲ್ಲಿ ಇಟ್ಟುಕೊಂಡಿದ್ದ ಪುಟ್ಟ ನೆಲೆ 1998ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಆಗಿನ ಹೆಸರಿನಲ್ಲಿ ‘ಅಂಟಾರ್ಕ್ಟಿಕ್’ ಇತ್ತು. 2018ರಲ್ಲಿ ಅದು ‘ಧ್ರುವ’ ಎಂದಾಯಿತು. ಸ್ಥಾಪಕ ನಿರ್ದೇಶಕರು ಪ್ರೇಮಚಂದ ಪಾಂಡೆ. ಅಂಟಾರ್ಕ್ಟಿಕಾದ ‘ಮೈತ್ರಿ’ ಮತ್ತು ‘ಭಾರತಿ’, ಸ್ವಾಲ್‌ಬಾರ್ಡ್‌ನ ನ್ಯೂ ಓಲೆಸುಂಡ್‌ನಲ್ಲಿ 2008ರಲ್ಲಿ ತೆರೆದ ‘ಹಿಮಾದ್ರಿ’, ಸ್ಪಿತಿಯಲ್ಲಿ 13,500 ಅಡಿಗೂ ಎತ್ತರದಲ್ಲಿ 2016ರಿಂದ ನಡೆಯುತ್ತಿರುವ ‘ಹಿಮಾಂಶ್’, ಸುಮಾರು 100 ಮೀಟರ್ ಉದ್ದದ ‘ಸಾಗರ ಕನ್ಯಾ’ ಹಡಗು, ಇವೆಲ್ಲದರ ಹೊಣೆ ಈ ಗುಡ್ಡದ ಮೇಲಿನ ಕಚೇರಿಯದು.

ಇಲ್ಲಿಯ ಹಿಮದ ಪ್ರಯೋಗಾಲಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಟಾರ್ಕ್ಟಿಕಾದ ಹಿಮಪದರವನ್ನು ಕೊಳವೆಯಂಥ ಯಂತ್ರದಿಂದ ಕೊರೆದು ಉದ್ದುದ್ದ ಕಂಬಗಳಾಗಿ ಹೊರತೆಗೆಯುತ್ತಾರೆ. ಅವು ಶೀತಲ ಕಂಟೇನರಿನಲ್ಲಿ, ಹಡಗಿನಲ್ಲಿ, ಕರಗದಂತೆ ಗೋವಾಕ್ಕೆ ಬರುತ್ತವೆ. ಹೊರಗೆ ಮೇ ತಿಂಗಳ ಬೆವರಿನ ಸೆಕೆ. ಒಳಗೆ ಮೈನಸ್ 20 ಡಿಗ್ರಿಯ ಕೋಣೆ. ಸಂಶೋಧನಾ ವಿದ್ಯಾರ್ಥಿ ಧ್ರುವದಲ್ಲಿ ತೊಡುವ ದಪ್ಪ ಜಾಕೆಟ್ಟನ್ನೇ ತೊಟ್ಟು ಒಳಗೆ ಹೋಗುತ್ತಾನೆ. ಬ್ಯಾಂಡ್ ಗರಗಸದಲ್ಲಿ ಹಿಮದ ಕಂಬವನ್ನು ಕೆಲವೇ ಸೆಂಟಿಮೀಟರಿನ ಬಿಲ್ಲೆಗಳಾಗಿ ಸೀಳುತ್ತಾನೆ. ಕೊರೆಯುವಾಗ ಯಂತ್ರ ತಾಗಿದ, ಕೈ ಸೋಕಿದ ಹೊರಪದರವನ್ನು ಪೂರ್ತಿ ಹೆರೆದು ತೆಗೆಯುತ್ತಾನೆ. ಕೊಳೆ ತಾಕದ ಒಳಭಾಗ ಮಾತ್ರ ಲೆಕ್ಕಕ್ಕೆ. ಬೆರಳು ಮರಗಟ್ಟುವ ಹೊತ್ತಿಗೆ ಹೊರಗೆ ಬಂದು ಮೈ ಬೆಚ್ಚಗಾಗಿಸಿಕೊಂಡು ಮತ್ತೆ ಒಳಗೆ.

ಆ ಬಿಲ್ಲೆಗಳು ಧೂಳಿಲ್ಲದ ಕೋಣೆಯಲ್ಲಿ ಕರಗಿ ನೀರಾದ ಮೇಲೆ ಅಸಲು ಕೆಲಸ. ನೀರಿನಲ್ಲಿರುವ ಭಾರದ ಮತ್ತು ಹಗುರದ ಆಮ್ಲಜನಕದ ಪ್ರಮಾಣ ಹಿಮ ಬಿದ್ದ ಕಾಲದ ಉಷ್ಣತೆಯನ್ನು ಹೇಳುತ್ತದೆ. ಬೇಸಿಗೆ ಚಳಿಗಾಲಗಳ ಏರಿಳಿತ ಎಣಿಸಿದರೆ ವರ್ಷಗಳು ಸಿಗುತ್ತವೆ. ಎಣಿಕೆ ತಪ್ಪಿದೆಯೋ ಎಂದು ನೋಡಲು ಜ್ವಾಲಾಮುಖಿಗಳು ನೆರವಿಗೆ ಬರುತ್ತವೆ: 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದಾಗ ಹಾರಿದ ಗಂಧಕ ದಕ್ಷಿಣ ಧ್ರುವದ ಹಿಮದಲ್ಲೂ ಒಂದು ಗೆರೆಯಾಗಿ ಕೂತಿದೆ. ಹೀಗೆ ಕೂತು ಓದಿದ ಒಂದು ಹಿಮಕಂಬದಿಂದ ಸುಮಾರು 470 ವರ್ಷಗಳ ಹವಾಮಾನದ ದಾಖಲೆ ಇಲ್ಲಿ ಹೊರಬಂದಿದೆ. ಅಂದರೆ ಆ ಹಿಮದ ತಳದ ಪದರ ಬಿದ್ದದ್ದು ಕರ್ನಾಟಕದಲ್ಲಿ ವಿಜಯನಗರದ ಆಳ್ವಿಕೆ ನಡೆಯುತ್ತಿದ್ದಾಗ. ಒಂದೊಂದು ಬಿಲ್ಲೆಯನ್ನೂ ಯಾರೋ ಒಬ್ಬ ಫೆಲೋ ಕತ್ತರಿಸಿ, ಗುರುತಿನ ಚೀಟಿ ಅಂಟಿಸಿ, ಅಳೆದು ಬರೆದಿಟ್ಟಿದ್ದಾನೆ. ಪ್ರಬಂಧದಲ್ಲಿ ಅದು ಒಂದು ಚುಕ್ಕಿ ಅಷ್ಟೆ.

ಇದಕ್ಕೆಲ್ಲ ಹಣ ಹೇಗೆ ಬರುತ್ತದೆ? ಹಡಗು, ವಿಮಾನ, ಕೇಂದ್ರ, ಇಂಧನ, ಊಟದಂಥ ದೊಡ್ಡ ಖರ್ಚು ಭೂ ವಿಜ್ಞಾನ ಸಚಿವಾಲಯದ್ದು. 2006ರಲ್ಲಿ ರೂಪುಗೊಂಡ ಈ ಸಚಿವಾಲಯ ಧ್ರುವ ಸಂಶೋಧನೆಗೆ ‘ಪೇಸರ್’ ಎಂಬ ಪ್ರತ್ಯೇಕ ಯೋಜನೆ ನಡೆಸಿಕೊಂಡು ಬಂದಿತ್ತು. ಅದು ಈಗ ‘ಪೃಥ್ವಿ’ ಎಂಬ ದೊಡ್ಡ ಯೋಜನೆಯೊಳಗೆ ಸೇರಿದೆ. 2024ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಪೃಥ್ವಿಯ ಮೊತ್ತ 2021–26ರ ಅವಧಿಗೆ 4,797 ಕೋಟಿ ರೂಪಾಯಿ. ಹವಾಮಾನ, ಸಾಗರ, ಧ್ರುವ, ಭೂಕಂಪ, ಶಿಕ್ಷಣ ಎಲ್ಲವೂ ಅದರಲ್ಲಿ ಹಂಚಿಕೆಯಾಗಬೇಕು. ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರಸ್ತಾವ ಕಳಿಸಿ ಯಾತ್ರೆಯಲ್ಲಿ ಜಾಗ ಪಡೆಯಬಹುದು. ಆಯ್ಕೆಯಾದವರಿಗೆ ದೆಹಲಿಯ ಏಮ್ಸ್‌ನಲ್ಲಿ ವೈದ್ಯಕೀಯ ಪರೀಕ್ಷೆ, ಔಲಿಯಲ್ಲಿ ಐಟಿಬಿಪಿಯವರಿಂದ ಹಿಮದ ಮೇಲೆ ನಡೆಯುವ, ಬದುಕುವ ತರಬೇತಿ. ಇಷ್ಟಕ್ಕೂ ವಿದ್ಯಾರ್ಥಿ ಕೈಯಿಂದ ಒಂದು ರೂಪಾಯಿ ಹಾಕಬೇಕಿಲ್ಲ. ಹಳ್ಳಿಯ ಮನೆಯಿಂದ ಬಂದ ಹುಡುಗಿಯೊಬ್ಬಳು ಅಂಟಾರ್ಕ್ಟಿಕಾಕ್ಕೆ ಹೋಗಿ ಬರಲು ಸಾಧ್ಯವಾಗಿರುವುದು ಈ ಏರ್ಪಾಡಿನಿಂದ. ಇದನ್ನು ಮನಸಾರೆ ಹೊಗಳಬೇಕು.

ಅವಳು ಹೋಗಿ ಬಂದ ಮೇಲೆ ಬಂದರಿನ ಪಕ್ಕದ ವಾಸ್ಕೋದಲ್ಲಿ ಬಾಡಿಗೆ ಮನೆಯಲ್ಲಿ ಕೂತು ಥೀಸಿಸ್ ಬರೆಯಬೇಕಲ್ಲ, ಆಗ ಬೇಕಾಗುವುದು ಚಿಕ್ಕ ಹಣ: ಜೆಆರ್‌ಎಫ್, ಎಸ್‌ಆರ್‌ಎಫ್. ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿ ಬಂದವರಿಗೆ ಮೊದಲ ಎರಡು ವರ್ಷ ಜೂನಿಯರ್, ಆಮೇಲೆ ಮೂರು ವರ್ಷ ಸೀನಿಯರ್ ಫೆಲೋಶಿಪ್. 2010ರಲ್ಲಿ ಜೆಆರ್‌ಎಫ್ ತಿಂಗಳಿಗೆ 16,000 ರೂಪಾಯಿ. 2014ರಲ್ಲಿ 25,000 ಆಯಿತು. ಆಮೇಲೆ ನಾಲ್ಕು ವರ್ಷ ಕದಲಲಿಲ್ಲ. ದೇಶದ ಉದ್ದಗಲ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ನಂತರ 2019ರ ಜನವರಿಯಿಂದ 31,000. 2023ರ ಜನವರಿಯಿಂದ 37,000, ಎಸ್‌ಆರ್‌ಎಫ್‌ಗೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಮೊತ್ತ ಏರಿದ್ದು ಸಂತೋಷ. ಪ್ರತಿ ಏರಿಕೆಗೂ ಮೊದಲು ಮನವಿ, ಧರಣಿ, ಪ್ರತಿಭಟನೆ ಬೇಕಾದದ್ದು ನೋವಿನ ಸಂಗತಿ.

ಮೊತ್ತಕ್ಕಿಂತ ಹೆಚ್ಚು ಕಾಡುವುದು ವಿಳಂಬ. ಹಿಂದಿನ ವರ್ಷದ ಯುಟಿಲೈಸೇಶನ್ ಸರ್ಟಿಫಿಕೇಟ್ ಹೋಗಿಲ್ಲ, ಹೊಸ ಆರ್ಥಿಕ ವರ್ಷದ ಕಂತು ಬಂದಿಲ್ಲ, ಕಡತ ಎಲ್ಲೋ ನಿಂತಿದೆ ಎಂಬ ಕಾರಣಗಳಿಂದ ತಿಂಗಳುಗಟ್ಟಲೆ ಫೆಲೋಶಿಪ್ ಬಾರದಿರುವುದು ದೇಶದ ಸಂಶೋಧನಾ ವಲಯದ ಹಳೆಯ ದೂರು. ಉಳ್ಳವರ ಮಕ್ಕಳು ಮನೆಯಿಂದ ತರಿಸಿಕೊಂಡು ಕಾಲ ತಳ್ಳುತ್ತಾರೆ. ಮನೆಗೇ ಹಣ ಕಳಿಸಬೇಕಾದವರು ಮೂರನೆಯ ತಿಂಗಳಿಗೆ ಬ್ಯಾಂಕ್ ಪರೀಕ್ಷೆಯ ಅರ್ಜಿ ತುಂಬುತ್ತಾರೆ. ಹಾಗೆ ಬಿಟ್ಟು ಹೋದವರ ಜೊತೆಗೆ ಅರ್ಧಕ್ಕೆ ನಿಂತ ಅಳತೆಗಳೂ ಹೋಗುತ್ತವೆ. ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಪಿಎಚ್.ಡಿ. ಪಡೆದವರ ಸಂಖ್ಯೆ ಇರುತ್ತದೆ. ಬಿಟ್ಟು ಹೋದವರ ಸಂಖ್ಯೆಯೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಅಳತೆ ನಿಲ್ಲಬಾರದು ಎನ್ನುವುದರ ಬೆಲೆ ಎಷ್ಟೆಂದು ಎದುರು ದಡದವರು ತೋರಿಸಿಕೊಟ್ಟಿದ್ದಾರೆ. ಗೋವಾದ ಕಾಂದೋಳಿಯ ಎದುರಿನ ಸಮುದ್ರದಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ನೀರನ್ನು ಪರೀಕ್ಷಿಸುವ ಕೆಲಸವನ್ನು ಎನ್‌ಐಒ 1997ರಲ್ಲಿ ಶುರುಮಾಡಿತು. ದೋಣಿಯಲ್ಲಿ ವಿದ್ಯಾರ್ಥಿಗಳು, ಕೈಯಲ್ಲಿ ನೀರೆತ್ತುವ ಬಾಟಲಿಗಳು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಎಂದು ತಿಳಿಯುವ ವಿಂಕ್ಲರ್ ಪರೀಕ್ಷೆ ನೂರು ವರ್ಷಕ್ಕೂ ಹಳೆಯದು. ಮಾದರಿಗೆ ಮ್ಯಾಂಗನೀಸ್ ಲವಣವನ್ನೂ ಕ್ಷಾರದ ದ್ರಾವಣವನ್ನೂ ಅಲ್ಲಿಯೇ, ದೋಣಿಯ ಮೇಲೆಯೇ ಹಾಕಬೇಕು. ದಡಕ್ಕೆ ತಂದ ಮೇಲೆ ಹಾಕಿದರೆ ಗಾಳಿ ಬೆರೆತು ಲೆಕ್ಕ ಕೆಡುತ್ತದೆ. ಆಮ್ಲಜನಕ ಇದ್ದರೆ ಬಾಟಲಿಯ ತಳದಲ್ಲಿ ಕಂದು ಬಣ್ಣದ ಗಷ್ಟು ಕೂರುತ್ತದೆ. ಇಲ್ಲದಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ತಳದ ನೀರು ಎತ್ತಿದಾಗ ಬೆಳ್ಳನೆಯ ಗಷ್ಟು ಕಂಡು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆಯೂ ಬಡಿದರೆ ಆ ನೀರಿನಲ್ಲಿ ಮೀನು ಬದುಕಲಾರದು ಎಂದೇ ಅರ್ಥ.

ನಮ್ಮ ಪಶ್ಚಿಮ ಕರಾವಳಿಯ ಎದುರು ಮುಂಗಾರಿನ ಮೇಲ್ಹರಿವಿನಿಂದ ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆ ಏರಿ ಬರುವುದು ಸಹಜ. ಅದು ತೀವ್ರವಾಗುತ್ತಿದೆ, ಜೊತೆಗೆ ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಕೂಡ ಹೆಚ್ಚು ಹೊರಬರುತ್ತಿದೆ ಎಂದು ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗ ಜಗತ್ತು ಇತ್ತ ತಿರುಗಿ ನೋಡಿತು. ವಾಸ್ಕೋದ ಖಾರಿವಾಡದ, ಕಾರವಾರದ, ಮಲ್ಪೆಯ ಮೀನುಗಾರ ಬಲೆ ಖಾಲಿ ಬಂದಾಗ ಯಾಕೆ ಎಂದು ಕೇಳುವ ಪ್ರಶ್ನೆಯ ಉತ್ತರದ ಒಂದು ಭಾಗ ಈ ಬಾಟಲಿಗಳಲ್ಲಿದೆ. ಉತ್ತರ ಸಿಕ್ಕಿದ್ದು ಒಂದು ಯಾತ್ರೆಯಿಂದಲ್ಲ. ಬೇಸರವಿಲ್ಲದೆ ಅದೇ ಜಾಗಕ್ಕೆ ಹೋಗುತ್ತಲೇ ಇದ್ದುದರಿಂದ.

ಸಮುದ್ರ ಮಟ್ಟದ ವಿಷಯವೂ ಹೀಗೆಯೇ. ಬಂದರುಗಳಲ್ಲಿ ಉಬ್ಬರ ಇಳಿತ ಅಳೆಯುವ ಮಾಪಕ ಇರುವುದು ಹಡಗಿನ ತಳ ನೆಲಕ್ಕೆ ತಾಗದಿರಲಿ ಎಂದು. ಮುರ್ಮುಗಾಂವ್‌ನಲ್ಲೂ ಅದಿದೆ. ದಿನದ ಕೆಲಸಕ್ಕೆ ಬರೆದಿಟ್ಟ ಅಂಕಿಗಳು ನಾಲ್ಕು ದಶಕ ಕೂಡಿಬಿದ್ದ ಮೇಲೆ ಬೇರೆಯದೇ ಸುದ್ದಿ ಹೇಳತೊಡಗಿದವು. ಎನ್‌ಐಒದ ಎ. ಎಸ್. ಉನ್ನಿಕೃಷ್ಣನ್ ಮತ್ತು ಡಿ. ಶಂಕರ್ ಅವರು ಉತ್ತರ ಹಿಂದೂ ಮಹಾಸಾಗರದ ಬಂದರುಗಳ ಹಳೆಯ ದಾಖಲೆಗಳನ್ನು ಸೋಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಏರಿಕೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್, ಸರಾಸರಿ 1.29. ಇಷ್ಟು ಸಣ್ಣ ಅಂಕಿಯನ್ನು ದಿನಕ್ಕೆರಡು ಬಾರಿ ಒಂದೆರಡು ಮೀಟರ್ ಏರಿಳಿಯುವ ನೀರಿನಿಂದ ಬೇರ್ಪಡಿಸಬೇಕಾದರೆ ಎಷ್ಟು ವರ್ಷಗಳ ಎಡೆಬಿಡದ ದಾಖಲೆ ಬೇಕೆಂದು ಯೋಚಿಸಿ. ನಮ್ಮ ಅನುದಾನಗಳು ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತವೆ. ಸಮುದ್ರ ಆ ಲೆಕ್ಕ ಪಾಲಿಸುವುದಿಲ್ಲ. ಹೀಗಾಗಿ ದೀರ್ಘಕಾಲದ ಅಳತೆಯೆಲ್ಲ ಒಂದು ಪ್ರಾಜೆಕ್ಟಿನ ಕೊನೆಯ ಫೆಲೋ ಮುಂದಿನ ಪ್ರಾಜೆಕ್ಟಿನ ಮೊದಲ ಫೆಲೋಗೆ ಕೆಲಸ ಒಪ್ಪಿಸಿ ಹೋಗುವುದರ ಮೇಲೆ ನಿಂತಿದೆ. ಮಧ್ಯೆ ಆರು ತಿಂಗಳು ಹಣವಿಲ್ಲದೆ ಹೋದರೆ ದಾಖಲೆಯಲ್ಲಿ ಆರು ತಿಂಗಳು ಖಾಲಿ.

ಧ್ರುವದ ಕೆಲಸ ನಮ್ಮ ಹೊಲಕ್ಕೆ ಏನು ಕೊಟ್ಟಿತು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. 2014ರ ಜುಲೈಯಲ್ಲಿ ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ‘ಇಂಡಾರ್ಕ್’ ಎಂಬ ಉಪಕರಣದ ಸರಪಣಿಯನ್ನು ಭಾರತ ನೀರಿನೊಳಗೆ ಇಳಿಬಿಟ್ಟಿತು. ಆರ್ಕ್ಟಿಕ್ ಕುರಿತ ಇಂಥ ಅಧ್ಯಯನಗಳ ಜಾಡಿನಲ್ಲೇ, 2021ರಲ್ಲಿ ಸಡಾದ ಕೇಂದ್ರದ ಸಂಶೋಧಕರು ನಾರ್ವೆಯವರ ಜೊತೆಗೂಡಿ ಒಂದು ಪ್ರಬಂಧ ಪ್ರಕಟಿಸಿದರು. ಬೇಸಿಗೆಯಲ್ಲಿ ಕಾರಾ ಸಮುದ್ರದ ಹಿಮ ಕಡಿಮೆಯಾದ ವರ್ಷಗಳಲ್ಲಿ ಗಾಳಿಯ ಸುತ್ತಾಟ ಬದಲಾಗಿ, ಮುಂಗಾರಿನ ಕೊನೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಮಧ್ಯ ಭಾರತದಲ್ಲಿ ಅತಿವೃಷ್ಟಿಗೆ ಅನುಕೂಲವಾಗುವ ಸಂಬಂಧ ಇರಬಹುದು ಎಂದು ಅದು ತೋರಿಸಿತು. ‘ಇರಬಹುದು’ ಎಂದು ಎಚ್ಚರದಿಂದ ಹೇಳಿದ್ದು ವಿಜ್ಞಾನದ ಶಿಸ್ತು. ಕೊಯ್ಲಿಗೆ ಬಂದ ಹೆಸರು, ಉದ್ದು, ಸೋಯಾ ಸೆಪ್ಟೆಂಬರ್ ಮಳೆಗೆ ಹೊಲದಲ್ಲೇ ಮೊಳಕೆಯೊಡೆದುದನ್ನು ಕಂಡ ರೈತನಿಗೆ ಆ ಎಚ್ಚರದ ಮಾತೂ ಬೆಲೆಯುಳ್ಳದ್ದು.

ಸಂರಕ್ಷಣೆಯ ಪಾಲಿಗೆ ಹಣ ಬಂದ ದಾರಿ ಇದಕ್ಕಿಂತ ಇಕ್ಕಟ್ಟಾದದ್ದು. ಅಂಟಾರ್ಕ್ಟಿಕಾದಲ್ಲಿ ಪರಿಸರ ಕಾಯುವುದು ಅಂತರರಾಷ್ಟ್ರೀಯ ಕರಾರಿನ ಕಟ್ಟುಪಾಡು. 1991ರ ಮ್ಯಾಡ್ರಿಡ್ ಒಡಂಬಡಿಕೆಯಂತೆ ಅಲ್ಲಿ ಕಟ್ಟುವ ಪ್ರತಿ ಗೋಡೆಗೂ ಮೊದಲು ಪರಿಣಾಮದ ಅಧ್ಯಯನ ಆಗಬೇಕು. ನಮ್ಮ ಸಂಸತ್ತೂ 2022ರಲ್ಲಿ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಮಾಡಿತು. ಹಾಗಾಗಿ ಅದಕ್ಕೆ ಹಣವಿದೆ. ಗುಡ್ಡದಿಂದ ಕಣ್ಣಿಗೆ ಕಾಣುವ ಗ್ರಾಂಡ್ ದ್ವೀಪದ ಸುತ್ತಲ ಹವಳಕ್ಕೆ, ಚಿಖಲಿ ಕೊಲ್ಲಿಯ ಕೆಸರಿನಲ್ಲಿ ಬದುಕುವ ಗಾಜಿನಂಥ ಚಿಪ್ಪಿನ ಮಳಿಗಳಿಗೆ ಅಂಥ ಕರಾರಿಲ್ಲ. ಆ ಚಿಪ್ಪುಗಳನ್ನೇ ಗೋವಾದ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದರು. ಇವತ್ತು ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿ. ಹವಳ ಬೆಳ್ಳಗಾಗುವುದನ್ನು ನೀರಿಗಿಳಿದು ದಾಖಲಿಸಿದವರು, ಕೆಸರಿನಲ್ಲಿ ಮಂಡಿಯೂರಿ ಚಿಪ್ಪು ಎಣಿಸಿದವರು ಬಹುಪಾಲು ಎನ್‌ಐಒ ಮತ್ತು ಗೋವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಹಡಗಿನ ನಿಲುಭಾರದ ನೀರಿನೊಂದಿಗೆ ಪರದೇಶದ ಜೀವಿಗಳು ಬಂದು ಇಳಿಯುವ ಅಪಾಯ ತಿಳಿಯಲು ಬಂದರಿನ ಕಂಬ, ಗೋಡೆ, ತಳ ಕೆರೆದು ಮಾದರಿ ತೆಗೆದವರೂ ಅವರೇ.

ಇಂಥ ಕೆಲಸಕ್ಕೆ ಸಣ್ಣ ಅನುದಾನವೇ ಸಾಕು, ಬೇಗ ಸಿಗಬೇಕು ಅಷ್ಟೆ. ಅದಕ್ಕೆ ಮಾದರಿ ಬೇಕೆಂದರೆ ಕರ್ನಾಟಕದಲ್ಲೇ ಇದೆ. 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶುರುವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಹಳ್ಳಿಯ ಒಲೆ, ನೀರು, ಇಂಧನಗಳಿಗೆ ವಿಜ್ಞಾನ ತಿರುಗಬೇಕೆಂದು ದುಡಿದ ಅಮೂಲ್ಯ ರೆಡ್ಡಿಯವರ ಕಾಲದಲ್ಲೇ, ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುವ ಪದ್ಧತಿ ಹಾಕಿತು. ಎಪ್ಪತ್ತರ ದಶಕದ ಕೊನೆಯಿಂದ ಇಂದಿನವರೆಗೂ ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆ ನೆರವು ಪಡೆಯುತ್ತಿದ್ದಾರೆ. ಮೊತ್ತ ದೊಡ್ಡದಲ್ಲ. ಅದರ ಹೆಚ್ಚುಗಾರಿಕೆ ಇರುವುದು ಪದವಿ ಮಟ್ಟದಲ್ಲೇ, ಜಿಲ್ಲಾ ಕಾಲೇಜಿನ ಹುಡುಗರಿಗೂ ಸಿಗುವುದರಲ್ಲಿ. ಸಂರಕ್ಷಣೆಯಲ್ಲಿ ತೊಡಗಿದ ಎಳೆಯರಿಗೆ 2010ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವಿದ್ಯಾರ್ಥಿ ಸಮ್ಮೇಳನವೂ ಒಂದು ಬಾಗಿಲು ತೆರೆದಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು, ಮಂಗಳಗಂಗೋತ್ರಿಯಲ್ಲಿ ಕಡಲ ಭೂವಿಜ್ಞಾನ ವಿಭಾಗ ಇವೆ. ಅಲ್ಲಿ ಕನ್ನಡದಲ್ಲಿ ಮಾತಾಡಿಕೊಂಡು ಕಡಲು ಕಲಿತವರಿಗೆ ದೋನಾ ಪಾವ್ಲಾ, ಸಡಾ ದೂರದ ಊರುಗಳಲ್ಲ.

ಇನ್ನು ಹವಾಮಾನ ಬದಲಾವಣೆಗೆ ಹೊಂದಿಕೊಂಡು ಬದುಕುವ ದಾರಿಗಳ ಸಂಶೋಧನೆ. 2008ರ ರಾಷ್ಟ್ರೀಯ ಕ್ರಿಯಾ ಯೋಜನೆಯ ಎಂಟು ಅಭಿಯಾನಗಳಲ್ಲಿ ಒಂದು ಹವಾಮಾನದ ಜ್ಞಾನ ಬೆಳೆಸುವುದಕ್ಕೇ ಮೀಸಲು. 2015ರಲ್ಲಿ ನಬಾರ್ಡ್ ಮೂಲಕ ಹೊಂದಾಣಿಕೆ ನಿಧಿಯೂ ಬಂತು. ಆದರೂ ಅಲೆ ಯಾರ ಮನೆಯ ಮೆಟ್ಟಿಲಿಗೆ ಬಡಿಯುತ್ತದೋ ಅವರ ನಡುವೆ ನಿಂತು ಮಾಡುವ ಅಧ್ಯಯನ ಕಡಿಮೆ. ಬೈನಾದ ದಡದಲ್ಲಿ ಗುಡಿಸಲು ಹಾಕಿದ್ದ ನೂರಾರು ಕನ್ನಡ ಕುಟುಂಬಗಳನ್ನು 2004ರಲ್ಲಿ ಎಬ್ಬಿಸಲಾಯಿತು; ಅದರ ಗಾಯ ಈ ಊರಿನಲ್ಲಿ ಇನ್ನೂ ಮಾಗಿಲ್ಲ. ಅಂದು ನೆಲದ ಹಕ್ಕಿನ ಮಾತೇ ಎಲ್ಲರ ಬಾಯಲ್ಲಿತ್ತು. ದಡ ಎಷ್ಟು ಕೊರೆದಿದೆ, ದೊಡ್ಡ ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ನೀರು ಬಂದಾಗ ಕೂಲಿಯವರು ಎಷ್ಟು ದಿನದ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದನ್ನು ದಡದಲ್ಲೇ ಬೆಳೆದ ವಿದ್ಯಾರ್ಥಿಯಿಂದ ಬರೆಸಿಟ್ಟಿದ್ದರೆ ಮಾತುಕತೆಯ ಮೇಜಿನ ಮೇಲೆ ಇಡಲು ನಮ್ಮಲ್ಲಿ ಏನಾದರೂ ಇರುತ್ತಿತ್ತು.

ಆದ್ದರಿಂದ ಈ ಸಂಚಿಕೆಯ ಓದುಗರ ಮುಂದೆ ಒಂದು ಸೂಚನೆ ಇಡುತ್ತೇನೆ. ಪ್ರತಿವರ್ಷ ರಾಜ್ಯೋತ್ಸವಕ್ಕೆ ನಾವು ಚಂದಾ ಎತ್ತುತ್ತೇವೆ. ಅದರಲ್ಲಿ ಒಂದು ಪಾಲನ್ನು ಠೇವಣಿಯಾಗಿಟ್ಟು, ಬಡ್ಡಿಯಿಂದ ಮುರ್ಮುಗಾಂವ್ ತಾಲೂಕಿನ ಒಬ್ಬ ಪದವಿ ವಿದ್ಯಾರ್ಥಿಗೆ, ಅವರು ಯಾವ ಭಾಷೆಯವರೇ ಆಗಿರಲಿ, ಸಂಶೋಧನಾ ನೆರವು ಕೊಡೋಣ. ಎರಡು ನಿಯಮ ಸಾಕು. ಹಣ ತಿಂಗಳ ಒಂದನೆಯ ತಾರೀಖು ಖಾತೆಗೆ ಬೀಳಬೇಕು. ಒಬ್ಬರ ಅವಧಿ ಮುಗಿಯುವ ಮುನ್ನವೇ ಮುಂದಿನವರ ಆಯ್ಕೆ ಆಗಿರಬೇಕು. ಮೊದಲ ಕೆಲಸ ಬೈನಾದಲ್ಲೇ ಶುರುವಾಗಲಿ: ಗುರುತು ಹಾಕಿದ ನಾಲ್ಕೈದು ಕಂಬ, ಒಂದು ಅಳತೆಪಟ್ಟಿ, ಒಂದು ದಪ್ಪ ರಟ್ಟಿನ ವಹಿ, ಹುಣ್ಣಿಮೆ ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಹೋಗಿ ಬರಲು ಬಸ್ಸಿನ ಖರ್ಚು. ಅಳೆಯುವ ಕ್ರಮ ಹೇಳಿಕೊಡಲು ಗುಡ್ಡದ ಮೇಲಿನವರನ್ನೂ ಎದುರು ದಡದವರನ್ನೂ ಕೇಳಿಕೊಳ್ಳಬಹುದು. ಶಾಲೆ ಕಾಲೇಜಿನ ಮಕ್ಕಳಿಗೆ ಎರಡೂ ಕಡೆಯವರು ಬಾಗಿಲು ತೆರೆಯುವವರೇ. ಆ ವಿದ್ಯಾರ್ಥಿ ಮುಂದೆ ನೆಟ್ ಬರೆದು ಜೆಆರ್‌ಎಫ್ ಪಡೆದು ಗುಡ್ಡ ಹತ್ತಿದರೆ ಒಳ್ಳೆಯದು. ಹತ್ತದೆ ಬಂದರಿನಲ್ಲೇ ಕೆಲಸಕ್ಕೆ ಸೇರಿದರೂ ವಹಿ ಮುಂದಿನವರ ಕೈಗೆ ಹೋಗುತ್ತದೆ. ಹೆಸರು ಕೊಡುವವರು ಸಂಚಿಕೆಯ ಸಂಪಾದಕರಿಗೆ ಮುಂದಿನ ಮಳೆಗಾಲಕ್ಕೆ ಮೊದಲು ತಿಳಿಸಿದರೆ ಜೂನ್ ತಿಂಗಳ ಮೊದಲ ದೊಡ್ಡ ಉಬ್ಬರಕ್ಕೆ ಅಳತೆ ಆರಂಭಿಸಬಹುದು.